ಕುರಿಮಂದೆಯ ಒಡತಿ ಬಿಯಾಟ್ರಿಕ್ಸ್ ಪಾಟರ್

ಮೊಲದ ಮರಿಯ ಕಥೆ ಬರೆದು ಮಕ್ಕಳನ್ನು ನಲಿಸಿದ ಬಿಯಾಟ್ರಿಕ್ಸ್ ಪಾಟರ್ ಅವರ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿರಬಹುದು. ಅವರು ಕುರಿ ಸಾಕಿ ಬಾಳಿದವರೆಂಬುದನ್ನು ಬಲ್ಲವರು ಕಡಿಮೆ.

1866ರಲ್ಲಿ ಲಂಡನ್ನಿನ ಸಿರಿವಂತ ಮನೆತನದಲ್ಲಿ ಜನಿಸಿದ ಅವರು, 1905ರಲ್ಲಿ ಇಂಗ್ಲೆಂಡಿನ ವಾಯವ್ಯದ ಸರೋವರ ಸೀಮೆಯಲ್ಲಿ ಹಿಲ್ ಟಾಪ್ ಎಂಬ ಸಣ್ಣ ಜಮೀನನ್ನು ಕೊಂಡರು. 1913ರಲ್ಲಿ ವಕೀಲರಾದ ವಿಲಿಯಂ ಹೀಲಿಸರನ್ನು ವರಿಸಿ ಆ ಸೀಮೆಯಲ್ಲಿಯೇ ನೆಲೆಸಿದರು.

ಅಲ್ಲಿನ ಬೆಟ್ಟಗಳ ಹರ್ಡ್‌ವಿಕ್ ಕುರಿ ಮಳೆಗೂ ಹಿಮಕ್ಕೂ ಜಗ್ಗದು. ಅದರ ಉಣ್ಣೆ ಬೂದುಬಣ್ಣದ್ದು, ಒರಟು, ಆದರೆ ಬಲು ಬಾಳಿಕೆಯದು. ನಯವಾದ ಉಣ್ಣೆಗೆ ಮನಸೋತ ಪೇಟೆ ಅದಕ್ಕೆ ತಕ್ಕ ಬೆಲೆ ಕಟ್ಟಲಿಲ್ಲ. ಪಾಟರ್ ಅವರಾದರೋ ಆ ಉಣ್ಣೆಯ ಉಡುಪನ್ನೇ ತೊಟ್ಟರು. 1923ರಲ್ಲಿ ಟ್ರೌಟ್‌ಬೆಕ್ ಪಾರ್ಕ್ ಎಂಬ ವಿಸ್ತಾರವಾದ ಜಮೀನನ್ನು ಕೊಂಡು, ತಳಿಯನ್ನು ಬೆಳೆಸಿ, ಪ್ರದರ್ಶನಗಳಲ್ಲಿ ಬಹುಮಾನ ಪಡೆದರು. 1943ರಲ್ಲಿ ಹರ್ಡ್‌ವಿಕ್ ಸಾಕುವವರ ಸಂಘವು ಅವರನ್ನು ಮರುವರ್ಷದ ಅಧ್ಯಕ್ಷರನ್ನಾಗಿ ಆರಿಸಿತು. ಆದರೆ ಅದೇ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. 4,000ಕ್ಕೂ ಹೆಚ್ಚು ಎಕರೆ ಭೂಮಿ ನ್ಯಾಷನಲ್ ಟ್ರಸ್ಟಿಗೆ ಸಂದಿತು. ಬೆಟ್ಟದ ಜಮೀನುಗಳಲ್ಲಿ ಹರ್ಡ್‌ವಿಕ್ ಮಂದೆಯೇ ಉಳಿಯಬೇಕೆಂದು ಅವರು ಉಯಿಲಿನಲ್ಲಿ ಬಯಸಿದ್ದರು.

ಮನೆಯಲ್ಲಿ ಮೊದಲಿಗರಾಗಿ ಓದಲು ಬಂದ ನಮಗೆ ಪದವಿಯೆಂದರೆ ಹಟ್ಟಿಯಿಂದ ಬಿಡುಗಡೆಯೆಂಬ ಎಣಿಕೆ. ಬರಹದಿಂದ ಬಂದುದನ್ನು ಹಟ್ಟಿಗೇ ಸುರಿದ ಈ ಬಾಳು ಆ ಎಣಿಕೆಯನ್ನು ತಿದ್ದುತ್ತದೆ.