ಮಕ್ಕಳಿಗೆ ಶೋಧನೆಯನ್ನು ಕಲಿಸಿದ ಜಾನ್ ಡ್ಯೂಯಿ

ಸಂಶೋಧನೆ ಎಂಬ ಮಾತನ್ನು ಕೇಳಿದೊಡನೆ ನಮ್ಮ ಕಣ್ಣೆದುರಿಗೆ ಬರುವುದು ದೊಡ್ಡ ಗ್ರಂಥಾಲಯ, ಪ್ರಯೋಗಶಾಲೆ, ಡಾಕ್ಟರೇಟ್ ಪದವಿ. ಓದೆಲ್ಲ ಮುಗಿದ ಮೇಲೆ ಕೆಲವೇ ಮಂದಿ ಮೇಧಾವಿಗಳು ಕೈಗೊಳ್ಳುವ ಕೆಲಸ ಅದೆಂದು ನಾವು ಭಾವಿಸಿದ್ದೇವೆ. ಏಳೆಂಟು ವರ್ಷದ ಮಗುವಿಗೂ ಸಂಶೋಧನೆಗೂ ಏನು ಸಂಬಂಧವೆಂದು ಯಾರಾದರೂ ಕೇಳಿದರೆ ಆಶ್ಚರ್ಯವಿಲ್ಲ. ಆದರೆ ಆ ಸಂಬಂಧ ಬಹಳ ನಿಕಟವಾದುದೆಂದು ತಿಳಿದು, ಅದನ್ನು ಕಾರ್ಯತಃ ತೋರಿಸಲು ಒಂದು ಶಾಲೆಯನ್ನೇ ತೆರೆದ ಮಹನೀಯರೊಬ್ಬರಿದ್ದರು. ಅವರೇ ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ.

ಡ್ಯೂಯಿ ಜನಿಸಿದ್ದು 1859ನೆಯ ಅಕ್ಟೋಬರ್ 20ರಂದು, ವರ್ಮಾಂಟ್ ಸಂಸ್ಥಾನದ ಬರ್ಲಿಂಗ್‌ಟನ್ ಎಂಬ ಊರಿನಲ್ಲಿ. ತಂದೆ ಆರ್ಚಿಬಾಲ್ಡ್ ದಿನಸಿ ಅಂಗಡಿಯ ವ್ಯಾಪಾರಿ. ಊರಿನಲ್ಲಿಯೇ ಇದ್ದ ವರ್ಮಾಂಟ್ ವಿಶ್ವವಿದ್ಯಾನಿಲಯದಿಂದ 1879ರಲ್ಲಿ ಪದವಿ ಪಡೆದ ಡ್ಯೂಯಿ, ಪೆನ್ಸಿಲ್ವೇನಿಯಾದ ಆಯಿಲ್ ಸಿಟಿಯಲ್ಲಿ ಎರಡು ವರ್ಷ ಪ್ರೌಢಶಾಲೆಯ ಉಪಾಧ್ಯಾಯರಾಗಿದ್ದರು. ಬಳಿಕ ತತ್ತ್ವಶಾಸ್ತ್ರದ ಹಂಬಲದಿಂದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯವನ್ನು ಸೇರಿ 1884ರಲ್ಲಿ ಡಾಕ್ಟರೇಟ್ ಪಡೆದರು. ಆ ವರ್ಷವೇ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು. ಅಲ್ಲಿ ಪರಿಚಯವಾದ ಆಲಿಸ್ ಚಿಪ್‌ಮನ್ ಅವರನ್ನು 1886ರಲ್ಲಿ ವಿವಾಹವಾದರು. ಆಲಿಸ್ ಸ್ವತಂತ್ರವಾಗಿ ಆಲೋಚಿಸುವ, ಸಮಾಜದ ಕಷ್ಟಗಳನ್ನು ಕಣ್ಣಾರೆ ಕಂಡು ಮರುಗುವ ಸ್ವಭಾವದ ಮಹಿಳೆ. ಗ್ರಂಥಗಳಲ್ಲಿ ಮುಳುಗಿದ್ದ ಪತಿಯ ದೃಷ್ಟಿಯನ್ನು ಜೀವನದ ಕಡೆಗೆ ತಿರುಗಿಸಿದ ಕೀರ್ತಿಯಲ್ಲಿ ಆಕೆಗೆ ದೊಡ್ಡ ಪಾಲಿದೆ.

1894ರಲ್ಲಿ ಡ್ಯೂಯಿ ಷಿಕಾಗೋ ವಿಶ್ವವಿದ್ಯಾನಿಲಯಕ್ಕೆ ಬಂದರು. ತತ್ತ್ವಶಾಸ್ತ್ರ, ಮನಶ್ಶಾಸ್ತ್ರ, ಶಿಕ್ಷಣಶಾಸ್ತ್ರ ಮೂರೂ ಕೂಡಿದ ವಿಭಾಗಕ್ಕೆ ಅವರೇ ಮುಖ್ಯಸ್ಥರು. ಆದರೆ ಮರುವರ್ಷವೇ ದಂಪತಿಗಳಿಗೆ ದುಃಖವೊಂದು ಎರಗಿತು. ಯೂರೋಪಿನ ಪ್ರವಾಸದಲ್ಲಿದ್ದಾಗ ಅವರ ಪುಟ್ಟ ಮಗ ಮಾರಿಸ್ ಇಟಲಿಯ ಮಿಲಾನ್ ನಗರದಲ್ಲಿ ಗಂಟಲುಮಾರಿಗೆ ತುತ್ತಾದನು. ಆ ದುಃಖ ಹಸಿಯಾಗಿದ್ದಾಗಲೇ, 1896ನೆಯ ಜನವರಿಯಲ್ಲಿ, ಹದಿನಾರು ಮಕ್ಕಳೊಡನೆ ಅವರ ಶಾಲೆ ಆರಂಭವಾಯಿತು. ವಿಜ್ಞಾನಕ್ಕೆ ಪ್ರಯೋಗಶಾಲೆ ಹೇಗೋ ಶಿಕ್ಷಣಶಾಸ್ತ್ರಕ್ಕೆ ಈ ಶಾಲೆ ಹಾಗೆ ಎಂಬುದು ಅವರ ಭಾವನೆ. ಆದುದರಿಂದಲೇ ಅದಕ್ಕೆ ಪ್ರಯೋಗಶಾಲಾ ವಿದ್ಯಾಲಯವೆಂದು ಹೆಸರಾಯಿತು.

ಶಾಲೆಗಾಗಿ ಮೇಜು ಕುರ್ಚಿಗಳನ್ನು ಹುಡುಕುತ್ತಾ ಅವರು ಊರಿನ ಅಂಗಡಿಗಳನ್ನೆಲ್ಲ ಸುತ್ತಿದರಂತೆ. ಎಲ್ಲಿಯೂ ಮನಸ್ಸಿಗೆ ಒಪ್ಪುವಂಥದು ಸಿಗಲಿಲ್ಲ. ಕೊನೆಗೆ ಚುರುಕುಬುದ್ಧಿಯ ವ್ಯಾಪಾರಿಯೊಬ್ಬನು ತೊಡಕು ಎಲ್ಲಿದೆಯೆಂಬುದನ್ನು ಕಂಡುಹಿಡಿದನು. ಇವರಿಗೆ ಬೇಕಾದುದು ಮಕ್ಕಳು ಕುಳಿತು ಕೆಲಸಮಾಡುವ ಮೇಜು. ಅಂಗಡಿಗಳಲ್ಲಿ ಇದ್ದುದೆಲ್ಲ ಮಕ್ಕಳು ಕುಳಿತು ಕೇಳುವ ಮೇಜು! ಹಳೆಯ ಶಿಕ್ಷಣದ ಕಥೆಯೆಲ್ಲ ಈ ಒಂದು ಪ್ರಸಂಗದಲ್ಲಿ ಅಡಗಿದೆಯೆಂದು ಡ್ಯೂಯಿ ಮುಂದೆ ಬರೆದರು.

ಹಾಗಾದರೆ ಆ ಶಾಲೆಯಲ್ಲಿ ಮಕ್ಕಳು ಮಾಡುತ್ತಿದ್ದುದೇನು? ಒಂದು ಉದಾಹರಣೆಯನ್ನು ನೋಡೋಣ. ಬಟ್ಟೆಯ ಪಾಠಕ್ಕಾಗಿ ಮಕ್ಕಳ ಕೈಗೆ ಕುರಿಯ ಮೈಯಿಂದ ಕತ್ತರಿಸಿದ ಹಸಿ ಉಣ್ಣೆಯನ್ನೂ, ಅಗಸೆ ನಾರನ್ನೂ, ಬೀಜ ಬಿಡಿಸದ ಹತ್ತಿಯನ್ನೂ ಕೊಟ್ಟರು. ಪೂರ್ವಿಕರು ಹತ್ತಿಯ ಬಟ್ಟೆಗಿಂತ ಉಣ್ಣೆಯ ಬಟ್ಟೆಯನ್ನೇ ಹೆಚ್ಚಾಗಿ ತೊಡುತ್ತಿದ್ದರು. ಏಕೆ? ಉತ್ತರವನ್ನು ಉಪಾಧ್ಯಾಯಿನಿ ಹೇಳಲಿಲ್ಲ. ಮಕ್ಕಳ ಒಂದು ಗುಂಪು ಅರ್ಧ ಗಂಟೆಯ ಕಾಲ ಕುಳಿತು ಹತ್ತಿಯಿಂದ ಬೀಜ ಬಿಡಿಸಿತು. ತೂಗಿ ನೋಡಿದರೆ ಬಂದ ಅರಳೆ ಒಂದು ಔನ್ಸ್ ಕೂಡ ಇರಲಿಲ್ಲ! ಯಂತ್ರವಿಲ್ಲದ ಕಾಲದಲ್ಲಿ ಹತ್ತಿಯ ಉದ್ಯಮ ಏಕೆ ಹಿಂದೆ ಬಿತ್ತೆಂಬುದು ಆ ಎಳೆಯರಿಗೆ ಬೆರಳ ತುದಿಯಿಂದಲೇ ಅರ್ಥವಾಯಿತು. ಆಮೇಲೆ ಎರಡರ ಎಳೆಗಳನ್ನೂ ಹೋಲಿಸಿ ನೋಡಿದರು. ಹತ್ತಿಯ ಎಳೆ ಗಿಡ್ಡ, ನುಣುಪು. ಉಣ್ಣೆಯ ಎಳೆ ಉದ್ದ, ಒರಟು. ಒರಟಾದ ಎಳೆಗಳು ಒಂದಕ್ಕೊಂದು ಹತ್ತಿಕೊಳ್ಳುವುದರಿಂದ ನೂಲುವುದು ಸುಲಭ. ಅಲ್ಲಿಂದ ಹಿಂಜುವ ಸಾಧನಕ್ಕೆ, ಕದಿರಿಗೆ, ಮಗ್ಗಕ್ಕೆ, ಕೊನೆಗೆ ದೇಶದ ಇತಿಹಾಸಕ್ಕೇ ಅವರ ಪ್ರಶ್ನೆಗಳು ಹರಿದವು. ಹತ್ತಿ ಹಿಂದುಳಿದ ಈ ಕಾರಣ ಮಕ್ಕಳು ಹೇಳುವವರೆಗೆ ತಮಗೂ ತಿಳಿದಿರಲಿಲ್ಲವೆಂದು ತತ್ತ್ವಶಾಸ್ತ್ರದ ಆ ಪ್ರಾಧ್ಯಾಪಕರು ಸಂಕೋಚವಿಲ್ಲದೆ ಒಪ್ಪಿಕೊಂಡಿದ್ದಾರೆ.

ಅಡಿಗೆಯ ಪಾಠವೂ ಇದೇ ರೀತಿಯದು. ಮೊಟ್ಟೆ ಬೇಯಿಸುವ ಕ್ರಮವನ್ನು ಹೇಳಿಕೊಟ್ಟರೆ ಎರಡು ನಿಮಿಷದಲ್ಲಿ ಪಾಠ ಮುಗಿಯುತ್ತದೆ. ಅದರ ಬದಲು ನೀರು ಬಿಸಿಯಾಗುತ್ತಾ ಹೋದ ಹಾಗೆ, ಕುದಿಯುವವರೆಗಿನ ಒಂದೊಂದು ಹಂತದಲ್ಲಿಯೂ ಮೊಟ್ಟೆಯ ಬಿಳಿಯ ಭಾಗಕ್ಕೆ ಏನಾಗುತ್ತದೆಂದು ಮಕ್ಕಳು ಪರೀಕ್ಷಿಸಿ ನೋಡಿದರು. ಮೊಟ್ಟೆ ಬೇಯಿಸುವುದಷ್ಟೇ ಅಲ್ಲದೆ, ಬೇಯುವುದೆಂದರೆ ಏನು ಎಂಬ ತತ್ತ್ವವೂ ಅವರಿಗೆ ದೊರೆಯಿತು. ಓದು, ಬರಹ, ಲೆಕ್ಕಗಳು ಇಂಥ ಕೆಲಸಗಳ ಅಗತ್ಯದಿಂದಲೇ ಬಂದು ಸೇರಿಕೊಳ್ಳುತ್ತಿದ್ದವು. ಕೆಲವೇ ವರ್ಷಗಳಲ್ಲಿ ಶಾಲೆಯ ಮಕ್ಕಳ ಸಂಖ್ಯೆ ಸುಮಾರು 140ಕ್ಕೆ ಏರಿತು. ಮಕ್ಕಳ ತಂದೆತಾಯಿಗಳ ಮುಂದೆ ಡ್ಯೂಯಿ ಮಾಡಿದ ಭಾಷಣಗಳು 1899ರಲ್ಲಿ ಶಾಲೆ ಮತ್ತು ಸಮಾಜ ಎಂಬ ಅರ್ಥದ ಹೆಸರಿನಿಂದ ಪುಸ್ತಕವಾಗಿ ಪ್ರಕಟವಾದವು.

ಆದರೆ ಒಳ್ಳೆಯ ಕೆಲಸಕ್ಕೆ ಅಡ್ಡಿ ಬಹಳ. 1903ರಲ್ಲಿ ಈ ಶಾಲೆಯನ್ನು ಮತ್ತೊಂದು ಶಾಲೆಯೊಡನೆ ಕೂಡಿಸಲಾಯಿತು. ಮುಖ್ಯೋಪಾಧ್ಯಾಯಿನಿಯಾಗಿದ್ದ ಆಲಿಸ್ ಅವರ ಸ್ಥಾನದ ವಿಷಯದಲ್ಲಿ ವಿಶ್ವವಿದ್ಯಾನಿಲಯದ ಅಧ್ಯಕ್ಷರಿಗೂ ಡ್ಯೂಯಿಯವರಿಗೂ ಭಿನ್ನಾಭಿಪ್ರಾಯ ತಲೆದೋರಿತು. 1904ರಲ್ಲಿ ದಂಪತಿಗಳಿಬ್ಬರೂ ರಾಜೀನಾಮೆ ಕೊಟ್ಟು ಹೊರಬಂದರು. ಆ ವರ್ಷವೇ ಐರ್ಲೆಂಡಿನಲ್ಲಿ ಅವರ ಇನ್ನೊಬ್ಬ ಮಗ ಗಾರ್ಡನ್ ವಿಷಮಜ್ವರದಿಂದ ತೀರಿಕೊಂಡನು. ಅವನಿಗಿನ್ನೂ ಎಂಟು ವರ್ಷ. ಶಾಲೆಯೂ ಹೋಯಿತು, ಮಗನೂ ಹೋದನು. ಇಂಥ ಪೆಟ್ಟಿನಲ್ಲಿಯೂ ಆ ತಂದೆತಾಯಿಗಳು ಇಟಲಿಯ ಬಾಲಕನೊಬ್ಬನನ್ನು ದತ್ತು ತೆಗೆದುಕೊಂಡು ಸಾಕಿದರೆಂಬುದು ಅವರ ಹೃದಯ ಎಂಥದೆಂಬುದನ್ನು ತಿಳಿಸುತ್ತದೆ.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯವನ್ನು ಸೇರಿದ ಡ್ಯೂಯಿ, ಕಳೆದುಕೊಂಡ ಶಾಲೆಯ ಅನುಭವವನ್ನು 1910ರಲ್ಲಿ ಒಂದು ಪುಟ್ಟ ಗ್ರಂಥವಾಗಿ ಬರೆದರು. ನಾವು ಆಲೋಚಿಸುವ ಬಗೆಯೇ ಅದರ ವಿಷಯ. ಆ ಗ್ರಂಥದ ಭಾವನೆಗಳಿಗೆ ಆಲಿಸ್ ಅವರೇ ಪ್ರೇರಣೆಯೆಂದು ಪೀಠಿಕೆಯಲ್ಲಿ ಕೃತಜ್ಞತೆಯಿಂದ ಸ್ಮರಿಸಿದ್ದಾರೆ. ಮಗುವಿನ ಕುತೂಹಲವೂ ಕಲ್ಪನೆಯೂ ಮಾಡಿ ನೋಡುವ ಆಸೆಯೂ ವಿಜ್ಞಾನಿಯ ಮನೋಧರ್ಮಕ್ಕೆ ಬಹು ಹತ್ತಿರವಾದುವೆಂಬುದು ಅಲ್ಲಿನ ಮುಖ್ಯ ಮಾತು. ಆಲೋಚನೆಯಲ್ಲಿ ಅವರು ಐದು ಮೆಟ್ಟಿಲುಗಳನ್ನು ಗುರುತಿಸಿದರು. ಮೊದಲು ಒಂದು ತೊಡಕು ಮನಸ್ಸಿಗೆ ತಟ್ಟಬೇಕು. ಎರಡನೆಯದಾಗಿ ಆ ತೊಡಕು ಏನೆಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಮೂರನೆಯದಾಗಿ ಅದಕ್ಕೆ ಉತ್ತರ ಹೀಗಿರಬಹುದೇ ಎಂಬ ಊಹೆ ಹುಟ್ಟಬೇಕು. ನಾಲ್ಕನೆಯದಾಗಿ ಆ ಊಹೆಯಿಂದ ಏನೇನು ಫಲಿಸುತ್ತದೆಂದು ತರ್ಕಿಸಬೇಕು. ಕೊನೆಗೆ ನೋಡಿ, ಮಾಡಿ, ಪರೀಕ್ಷಿಸಿ ಊಹೆಯನ್ನು ಒಪ್ಪಬೇಕು, ಇಲ್ಲವೆ ಬಿಡಬೇಕು. ಹತ್ತಿಯ ಬೀಜ ಬಿಡಿಸಿದ ಆ ಮಕ್ಕಳು ನಡೆದದ್ದು ಈ ಮೆಟ್ಟಿಲುಗಳ ಮೇಲೆಯೇ. ದೊಡ್ಡ ವಿದ್ವಾಂಸರ ಸಂಶೋಧನೆಯೂ ಏರುವುದು ಇವನ್ನೇ.

ಡ್ಯೂಯಿಯವರ ವಿಚಾರಗಳು ದೂರದೂರಕ್ಕೆ ಹರಡಿದವು. 1919ರಿಂದ 1921ರವರೆಗೆ ಚೀನಾದಲ್ಲಿದ್ದು ಅವರು ಉಪನ್ಯಾಸಗಳನ್ನು ಕೊಟ್ಟರು. ನಮ್ಮ ದೇಶಕ್ಕೂ ಅವರಿಗೂ ಇರುವ ಸಂಬಂಧ ಇನ್ನೂ ಆತ್ಮೀಯವಾದುದು. 1913ರಿಂದ 1916ರವರೆಗೆ ಕೊಲಂಬಿಯಾದಲ್ಲಿ ಓದಿದ ಡಾ. ಬಿ. ಆರ್. ಅಂಬೇಡ್ಕರ್ ಅವರು ಡ್ಯೂಯಿಯವರ ಶಿಷ್ಯರು. ಜಾತಿಯ ನಿರ್ಮೂಲನವನ್ನು ಕುರಿತು 1936ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಅವರು ಈ ಗುರುವಿನ ಋಣವನ್ನು ನೆನೆದಿದ್ದಾರೆ. ರೂಢಿಯೆಂಬ ಒಂದೇ ಕಾರಣದಿಂದ ಯಾವುದನ್ನೂ ಒಪ್ಪದೆ ಒರೆಗೆ ಹಚ್ಚಿ ನೋಡುವ ಗುಣ ಗುರುಶಿಷ್ಯರಿಬ್ಬರಲ್ಲಿಯೂ ಸಮಾನವಾಗಿತ್ತು.

ಡ್ಯೂಯಿಯವರನ್ನು ಮೆಚ್ಚಿದವರಷ್ಟೇ ತಪ್ಪಾಗಿ ತಿಳಿದವರೂ ಇದ್ದರು. ಮಕ್ಕಳನ್ನು ಮನಬಂದಂತೆ ಬಿಟ್ಟುಬಿಡುವುದೇ ಹೊಸ ಶಿಕ್ಷಣವೆಂದು ಕೆಲವರು ಬಗೆದರು. 1938ರಲ್ಲಿ, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, ಅವರು ಅನುಭವ ಮತ್ತು ಶಿಕ್ಷಣವನ್ನು ಕುರಿತು ಬರೆದ ಗ್ರಂಥದಲ್ಲಿ ಈ ಭ್ರಮೆಯನ್ನು ಖಂಡಿಸಿದರು. ಎಲ್ಲ ಅನುಭವವೂ ಶಿಕ್ಷಣವಲ್ಲ. ಮುಂದಿನ ಬೆಳವಣಿಗೆಗೆ ದಾರಿಮಾಡುವ ಅನುಭವವನ್ನು ಆರಿಸಿಕೊಡುವುದು ಉಪಾಧ್ಯಾಯನ ಹೊಣೆ. ಹತ್ತಿಯನ್ನೂ ಉಣ್ಣೆಯನ್ನೂ ಮಕ್ಕಳ ಮುಂದಿಡುವ ಮೊದಲು ಉಪಾಧ್ಯಾಯನು ಎಷ್ಟು ಓದಿರಬೇಕು, ಎಷ್ಟು ಯೋಚಿಸಿರಬೇಕು! ಉತ್ತರ ಹೇಳುವುದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಸಿದ್ಧಪಡಿಸುವುದೇ ಹೆಚ್ಚಿನ ಶ್ರಮದ ಕೆಲಸ.

1952ನೆಯ ಜೂನ್ 1ರಂದು, 92ನೆಯ ವಯಸ್ಸಿನಲ್ಲಿ, ಜಾನ್ ಡ್ಯೂಯಿ ನ್ಯೂಯಾರ್ಕಿನಲ್ಲಿ ನಿಧನರಾದರು. ಅದಾದ ನಾಲ್ಕೇ ದಿನಗಳಿಗೆ, ಜೂನ್ 5ರಂದು, ಕೊಲಂಬಿಯಾ ವಿಶ್ವವಿದ್ಯಾನಿಲಯ ಅಂಬೇಡ್ಕರ್ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಆ ಸಂತೋಷವನ್ನು ನೋಡಲು ಗುರುಗಳು ಉಳಿದಿರಲಿಲ್ಲ. ಆದರೆ ಷಿಕಾಗೋದಲ್ಲಿ ಅವರು ಆರಂಭಿಸಿದ ಶಾಲೆ ಇಂದಿಗೂ ನಡೆಯುತ್ತಿದೆ.

ಸಹಪಾಠಿಗಳೇ, ಕಲಾ ವಿದ್ಯಾರ್ಥಿಗಳಾದ ನಮ್ಮಲ್ಲಿ ಅನೇಕರು ನಾಳೆ ಹಳ್ಳಿಯ ಶಾಲೆಗಳಲ್ಲಿ ಉಪಾಧ್ಯಾಯರಾಗಿ ನಿಲ್ಲುವವರು. ಪರೀಕ್ಷೆಯ ಹಿಂದಿನ ರಾತ್ರಿ ಟಿಪ್ಪಣಿಯನ್ನು ಬಾಯಿಪಾಠ ಮಾಡಿ ತೇರ್ಗಡೆಯಾಗುವ ಅಭ್ಯಾಸ ನಮಗೆ ಎಲ್ಲಿಂದ ಬಂದಿತೆಂದು ಒಮ್ಮೆ ಯೋಚಿಸಿದರೆ, ಬೇರು ಪ್ರಾಥಮಿಕ ಶಾಲೆಯಲ್ಲಿಯೇ ಇದೆಯೆಂದು ತಿಳಿದೀತು. ಏಕೆ ಎಂದು ಕೇಳಿದ ಮಗುವನ್ನು ಸುಮ್ಮನಿರಿಸುವುದು ಬಹು ಸುಲಭ. ಅದರ ಕೈಗೆ ಒಂದು ಹಿಡಿ ಹತ್ತಿಯನ್ನು ಕೊಟ್ಟು ಜೊತೆಗೆ ಕುಳಿತುಕೊಳ್ಳುವುದಕ್ಕೆ ತಾಳ್ಮೆ ಬೇಕು, ತಿಳಿವಳಿಕೆಯೂ ಬೇಕು. ಇದಕ್ಕೆ ದೊಡ್ಡ ಕಟ್ಟಡವಾಗಲಿ ಬೆಲೆಬಾಳುವ ಸಲಕರಣೆಯಾಗಲಿ ಬೇಕಿಲ್ಲ. ನಮ್ಮ ಊರುಗಳಲ್ಲಿ ಹೊಲವಿದೆ, ಕೆರೆಯಿದೆ, ಮಗ್ಗವಿದೆ, ಹಳೆಯ ಶಾಸನದ ಕಲ್ಲಿದೆ. ಒಂದೊಂದರಲ್ಲಿಯೂ ನೂರು ಪ್ರಶ್ನೆಗಳಿವೆ. ಅವುಗಳಲ್ಲಿ ಒಂದನ್ನಾದರೂ ಮಕ್ಕಳೊಡನೆ ಕೊನೆಯವರೆಗೂ ಹಿಂಬಾಲಿಸಿದರೆ ಡ್ಯೂಯಿಯವರ ಶಾಲೆ ನಮ್ಮಲ್ಲಿಯೂ ಆರಂಭವಾದಂತೆಯೇ ಸರಿ.