ಬಳ್ಳಾರಿಯಲ್ಲಿ ಇಪ್ಪತ್ತೊಂದು ವರ್ಷ: ರೆವರೆಂಡ್ ಜಾನ್ ಹ್ಯಾಂಡ್ಸ್

ಒಂದು ಕಾದಂಬರಿ ಬರೆಯಲು ಎಷ್ಟು ಕಾಲ ಬೇಕು? ನಮ್ಮ ಕರಾವಳಿಯ ಶಿವರಾಮ ಕಾರಂತರು 'ಚೋಮನ ದುಡಿ'ಯನ್ನು ಕೆಲವೇ ದಿನಗಳಲ್ಲಿ ಬರೆದು ಮುಗಿಸಿದರೆಂಬ ಮಾತಿದೆ. ಹುಟ್ಟಿನಿಂದ ಬಂದ ಭಾಷೆ, ಕಣ್ಣಾರೆ ಕಂಡ ಬದುಕು ಜೊತೆಗಿದ್ದವರಿಗೆ ಅದು ಸಾಧ್ಯ. ಇವೆರಡೂ ಇಲ್ಲದೆ ಬಂದು, ಒಂದೇ ಗ್ರಂಥ ಪೂರ್ಣಗೊಳ್ಳಲು ಇಪ್ಪತ್ತೊಂದು ವರ್ಷ ಕಾದವರು ರೆವರೆಂಡ್ ಜಾನ್ ಹ್ಯಾಂಡ್ಸ್. ಆ ಗ್ರಂಥ ಕನ್ನಡ ಬೈಬಲ್.

ಲಂಡನ್ ಮಿಷನರಿ ಸೊಸೈಟಿಯ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಹೈದರಾಬಾದಿನ ನಿಜಾಮರು ಆ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟು ಆಗ ಹತ್ತೇ ವರ್ಷವಾಗಿತ್ತು. ಊರಲ್ಲಿ ಕಂಪನಿಯ ದಂಡು, ಪೇಟೆಯಲ್ಲಿ ಕನ್ನಡದ ಜೊತೆ ತೆಲುಗು, ಹಿಂದೂಸ್ತಾನಿ. ಕುರುಗೋಡು, ಸಿರುಗುಪ್ಪದ ಕಡೆ ಹೊರಟರೆ ಹೊಲದಲ್ಲಿ ದುಡಿಯುವವರ ಕನ್ನಡವೇ ಬೇರೆ, ಪಂಡಿತರ ಹಳಗನ್ನಡವೇ ಬೇರೆ. ಶುಭಸಂದೇಶವನ್ನು ಇವುಗಳಲ್ಲಿ ಯಾವ ಕನ್ನಡದಲ್ಲಿ ಹೇಳಬೇಕು? ಅನುವಾದಕನಿಗೆ ಇದಕ್ಕಿಂತ ಕಠಿಣ ಪ್ರಶ್ನೆ ಇನ್ನೊಂದಿಲ್ಲ ಎಂದು ನನ್ನ ಭಾವನೆ.

ಇಂಗ್ಲಿಷ್ ಬಲ್ಲವರು ಕನ್ನಡ ಕಲಿಯಲು ಆಗ ಅಚ್ಚಾದ ವ್ಯಾಕರಣವೂ ಇರಲಿಲ್ಲ. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ ಸೆರಾಂಪುರದಲ್ಲಿ ಪ್ರಕಟವಾದದ್ದು 1817ರಲ್ಲಿ. ಅದೇ ಕೇರಿಯವರ ಕನ್ನಡ ಅನುವಾದದ ಹಸ್ತಪ್ರತಿ 1812ರ ಬೆಂಕಿಯಲ್ಲಿ ಸುಟ್ಟುಹೋಗಿತ್ತು. ಕೈಬರಹದ ಕೆಲಸ ಒಂದೇ ರಾತ್ರಿಯಲ್ಲಿ ಬೂದಿಯಾಗಬಹುದಾಗಿದ್ದ ಕಾಲವದು.

ಹ್ಯಾಂಡ್ಸ್ ಸ್ಥಳೀಯ ಪಂಡಿತರ ನೆರವಿನಿಂದ ಭಾಷೆ ಕಲಿತರು, ಶಾಲೆಗಳನ್ನು ನಡೆಸಿದರು, ನಡುನಡುವೆ ಅನುವಾದಕ್ಕೆ ಕುಳಿತರು. ಹೊಸ ಒಡಂಬಡಿಕೆ 1820ರ ದಶಕದ ಆರಂಭದಲ್ಲಿ ಅಚ್ಚಾಯಿತು. ಹಳೆಯ ಒಡಂಬಡಿಕೆಗೆ ಸಹೋದ್ಯೋಗಿ ವಿಲಿಯಂ ರೀವ್ ಕೈಜೋಡಿಸಿದರು. ಈ ರೀವ್ ಸುಮ್ಮನೆ ಕೂರುವವರಲ್ಲ. 1824ರಲ್ಲಿ ಇಂಗ್ಲಿಷ್-ಕನ್ನಡ, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟುಗಳನ್ನೂ ಹೊರತಂದರು. 1831ರಲ್ಲಿ ಸಂಪೂರ್ಣ ಬೈಬಲ್ ಕನ್ನಡಿಗರ ಕೈಸೇರಿತು.

ಅಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಆ ಭಾಷೆ ಇನ್ನೂ ಸರಾಗವಾಗಬೇಕೆಂದು ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರು ಮುಂದೆ ಅದನ್ನು ಪರಿಷ್ಕರಿಸಿದರು. ಹ್ಯಾಂಡ್ಸ್ ಅವರ ವಾಕ್ಯಗಳಲ್ಲಿ ಬಹಳಷ್ಟು ಹೀಗೆ ಅಳಿದುಹೋದವು.

ಬಳ್ಳಾರಿಯ ಅಚ್ಚುಕೂಟಕ್ಕೆ ನಮ್ಮ ಮಂಗಳೂರಿನ ಋಣವೂ ಇದೆ. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಇಲ್ಲಿ ಆರಂಭಿಸಿದ 'ಮಂಗಳೂರ ಸಮಾಚಾರ' ಮರುವರ್ಷವೇ 'ಕನ್ನಡ ಸಮಾಚಾರ' ಎಂಬ ಹೆಸರಿನಲ್ಲಿ ಬಳ್ಳಾರಿಯಿಂದ ಅಚ್ಚಾಗಿ ಬರತೊಡಗಿತು.