ಪಂಡಿತಾ ರಮಾಬಾಯಿ

ಪಶ್ಚಿಮಘಟ್ಟದಲ್ಲಿ ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಗಂಗಾಮೂಲವೆಂಬ ಸ್ಥಳವಿದೆ. 1858ನೆಯ ಏಪ್ರಿಲ್ 23ರಂದು ಅಲ್ಲಿನ ಕಾಡಿನಲ್ಲಿದ್ದ ಒಂದು ಮನೆಯಲ್ಲಿ ಹೆಣ್ಣುಮಗುವೊಂದು ಜನಿಸಿತು. ಮುಂದೆ ಪಂಡಿತಾ ರಮಾಬಾಯಿಯೆಂದು ದೇಶವಿದೇಶಗಳಲ್ಲಿ ಹೆಸರಾದವಳು ಈ ಮಗುವೇ. ಮಹಾರಾಷ್ಟ್ರದವರು ಆಕೆಯನ್ನು ತಮ್ಮವಳೆನ್ನುವುದು ನ್ಯಾಯವೇ. ಮನೆಮಾತು ಮರಾಠಿ, ಬಾಳಿದ್ದೂ ಹೆಚ್ಚಾಗಿ ಅಲ್ಲಿಯೇ. ಆದರೆ ಆಕೆ ಹುಟ್ಟಿದ ನೆಲ ನಮ್ಮದೆಂಬುದನ್ನು ನಾವು ಮರೆತಂತಿದೆ.

ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. ಅವರು ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಆ ಕಾಲಕ್ಕೆ ಇದೊಂದು ಅಪರಾಧವೇ ಸರಿ. ಊರವರ ಬಾಯಿಗೆ ಬೀಳುವುದಕ್ಕಿಂತ ಕಾಡೇ ಮೇಲೆಂದು ಅವರು ಗಂಗಾಮೂಲದಲ್ಲಿ ಮನೆ ಕಟ್ಟಿಕೊಂಡರು. ಮಗಳಿಗೆ ಪಾಠ ಹೇಳಿದವಳು ಆ ತಾಯಿಯೇ. ಮಗು ಆರು ತಿಂಗಳದಾಗಿದ್ದಾಗ ಸಂಸಾರ ಅಲ್ಲಿಂದಲೂ ಹೊರಟಿತು. ಬೆತ್ತದ ಬುಟ್ಟಿಯಲ್ಲಿ ಮಗುವನ್ನಿಟ್ಟು ತಲೆಯ ಮೇಲೆ ಹೊತ್ತು ಘಟ್ಟವಿಳಿಸಿದರಂತೆ. ಮುಂದಿನ ಹದಿನೈದು ವರ್ಷ ತೀರ್ಥದಿಂದ ತೀರ್ಥಕ್ಕೆ ಅಲೆಯುತ್ತ, ಪುರಾಣ ಹೇಳಿ ಬಂದುದರಲ್ಲಿ ಜೀವನ ಸಾಗಿತು.

ಅಷ್ಟರಲ್ಲಿ ಬರಗಾಲ ಬಂದಿತು. ಕೈಯಲ್ಲಿದ್ದುದನ್ನೆಲ್ಲ ದಾನಧರ್ಮಕ್ಕೆ ಸುರಿದಿದ್ದ ಕುಟುಂಬಕ್ಕೆ ಕೂಲಿ ಮಾಡಲು ಬಾರದು, ಭಿಕ್ಷೆ ಬೇಡಲು ಅಭಿಮಾನ ಬಿಡದು. ಪ್ರಾಣ ಬಿಡೋಣವೆಂದು ಕಾಡು ಹೊಕ್ಕು, ಹನ್ನೊಂದು ದಿನ ನೀರು, ಎಲೆ, ಒಂದಿಷ್ಟು ಈಚಲಹಣ್ಣುಗಳಲ್ಲಿ ಕಳೆದರು. 1874ರಲ್ಲಿ ತಂದೆತಾಯಿಗಳು ತಿಂಗಳುಗಳ ಅಂತರದಲ್ಲಿ ತೀರಿಕೊಂಡರು. ಸ್ವಲ್ಪ ಕಾಲಕ್ಕೆ ಅಕ್ಕನೂ ಹೋದಳು. ಉಳಿದವರು ಅಣ್ಣ ಶ್ರೀನಿವಾಸ ಮತ್ತು ರಮೆ. ಇಬ್ಬರೂ ಬರಿಗಾಲಲ್ಲಿ ಸಾವಿರಾರು ಮೈಲಿ ನಡೆದರು. ಝೇಲಂ ನದಿಯ ದಂಡೆಯಲ್ಲಿ ಚಳಿ ತಾಳಲಾರದೆ ಮರಳಿನಲ್ಲಿ ಗುಂಡಿ ತೋಡಿ, ಒಳಗೆ ಮಲಗಿ, ಮೇಲೆ ಮರಳೆಳೆದುಕೊಂಡು ರಾತ್ರಿ ಕಳೆದರು. ಹಸಿದ ಹೆಣ್ಣುಮಗುವಿನ ಮುಖ ಹೇಗಿರುತ್ತದೆಂದು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಕೆಯ ಮುಂದಿನ ಭಕ್ತಿಯನ್ನು ತಿಳಿಯಬಯಸುವವರು ಈ ಸಂಗತಿಯನ್ನು ನೆನಪಿಟ್ಟುಕೊಂಡಿರಬೇಕು.

1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಆಕೆಯ ಸಂಸ್ಕೃತ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣ ತೀರಿಕೊಂಡನು. ಅದೇ ವರ್ಷ ವಂಗದೇಶದ ವಕೀಲರಾದ ಬಿಪಿನ್ ಬಿಹಾರಿ ದಾಸರೊಡನೆ ಮದುವೆಯಾಯಿತು. ಮನೋರಮೆಯೆಂಬ ಮಗಳು ಹುಟ್ಟಿದಳು. 1882ರಲ್ಲಿ ಪತಿಯೂ ಕಾಲರಾಕ್ಕೆ ತುತ್ತಾದರು. ಸಿಲ್ಚಾರಿನ ಆ ಮನೆಯಲ್ಲಿ, ಗಂಡನ ಪುಸ್ತಕಗಳ ನಡುವೆ, ಬಂಗಾಳಿಯಲ್ಲಿ ಅಚ್ಚಾದ ಲೂಕನ ಸುವಾರ್ತೆಯ ಸಣ್ಣ ಪ್ರತಿಯೊಂದು ರಮಾಬಾಯಿಯ ಕಣ್ಣಿಗೆ ಬಿದ್ದಿತ್ತು.

ಇಂಗ್ಲೆಂಡಿಗೆ ಹೋಗಿ, ವಾಂಟೇಜಿನ ಕನ್ಯಾಮಠದಲ್ಲಿದ್ದು, 1883ರ ಸೆಪ್ಟೆಂಬರ್ 29ರಂದು ಆಕೆ ಮಗಳೊಡನೆ ದೀಕ್ಷಾಸ್ನಾನ ಪಡೆದಳು. ಇತ್ತ ಪುಣೆಯಲ್ಲಿ ಕೋಲಾಹಲವೆದ್ದಿತು. ಆದರೆ ಅತ್ತ ಮಠದವರೂ ಸುಖವಾಗಿರಲಿಲ್ಲವೆಂಬುದು ಸ್ವಾರಸ್ಯದ ವಿಷಯ. ಚರ್ಚು ಹೇಳಿದುದನ್ನೆಲ್ಲ ಒಪ್ಪಲು ರಮಾಬಾಯಿ ಸಿದ್ಧಳಿರಲಿಲ್ಲ. ತ್ರಯೇಕತ್ವದ ವಿಷಯದಲ್ಲಿ ಗುರುಸ್ಥಾನದಲ್ಲಿದ್ದ ಸಿಸ್ಟರ್ ಜೆರಾಲ್ಡೀನರೊಡನೆ ಪತ್ರದ ಮೇಲೆ ಪತ್ರ ಬರೆದು ವಾದಿಸಿದಳು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರವೇಕೆ, ಸಂಸ್ಕೃತವಿದ್ದರೆ ಆಗದೇ ಎಂದು ಕೇಳಿದಳು. ಮಾಂಸಾಹಾರವನ್ನು ಒಲ್ಲೆನೆಂದಳು. ಧರ್ಮಗ್ರಂಥವನ್ನು ತಾನೇ ಓದಿ ತಾನೇ ತಿಳಿಯಬೇಕೆಂಬುದು ಆಕೆಯ ಹಟ. ಅಮ್ಮನ ಬಾಯಿಂದ ಶಾಸ್ತ್ರ ಕಲಿತವಳಿಗೆ ಇದು ಸಹಜವೇ ಆಗಿತ್ತು.

ಅಮೆರಿಕೆಯಲ್ಲಿ ಭಾಷಣ ಮಾಡಿ ಹಣ ಕೂಡಿಸಿ ಬಂದು, 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದಳು. ಮರುವರ್ಷ ಅದು ಪುಣೆಗೆ ಬಂದಿತು. ಮತಪ್ರಚಾರವಿಲ್ಲವೆಂಬುದು ಅಲ್ಲಿನ ಕರಾರು. ಆದರೆ ಆಕೆ ಕೋಣೆಯ ಬಾಗಿಲು ತೆರೆದಿಟ್ಟು ಪ್ರಾರ್ಥಿಸುತ್ತಿದ್ದಳು, ಹುಡುಗಿಯರು ಬಂದು ಕೂರುತ್ತಿದ್ದರು. 1893ರಲ್ಲಿ ತಿಲಕರ 'ಕೇಸರಿ' ಇದನ್ನು ಖಂಡಿಸಿತು. ರಾನಡೆ, ಭಾಂಡಾರ್ಕರರು ಸಲಹಾ ಸಮಿತಿಯನ್ನು ಬಿಟ್ಟರು. ಎಷ್ಟೋ ಹುಡುಗಿಯರನ್ನು ಮನೆಯವರು ಕರೆದೊಯ್ದರು. ಮಕ್ಕಳನ್ನು ನಂಬಿ ಕಳಿಸಿದ ಹೆತ್ತವರ ಅಸಮಾಧಾನಕ್ಕೆ ಕಾರಣವಿರಲಿಲ್ಲವೆಂದು ಹೇಳಲಾಗದು. ಆದರೆ ಅಂತರಂಗದಲ್ಲಿ ದೊರೆತುದನ್ನು ಬಚ್ಚಿಡುವುದು ಆಕೆಗೂ ಆಗದ ಮಾತಾಗಿತ್ತು.

ಇದೇ ಕಾಲಕ್ಕೆ ಆಕೆ ಜಾರ್ಜ್ ಮುಲ್ಲರನ ಚರಿತ್ರೆಯನ್ನು ಓದಿದಳು. ಬ್ರಿಸ್ಟಲ್ ನಗರದಲ್ಲಿ ಯಾರ ಮುಂದೆಯೂ ಕೈಯೊಡ್ಡದೆ, ದೇವರಲ್ಲಿ ಮಾತ್ರ ಬೇಡಿ, ಸಾವಿರಾರು ಅನಾಥರನ್ನು ಸಾಕಿದವನು ಆತ. ನಮ್ಮ ದೇಶದಲ್ಲಿಯೂ ಹೀಗೆ ನಂಬಿ ನಡೆಯಲಾದೀತೇ ಎಂಬ ಪ್ರಶ್ನೆ ಆಕೆಯನ್ನು ಕಾಡಿತು. ಬೋಸ್ಟನ್ನಿನ ಸಂಘ ಹತ್ತು ವರ್ಷಗಳಿಗಷ್ಟೇ ಹಣದ ಹೊಣೆ ಹೊತ್ತಿತ್ತು. ಆಮೇಲಿನ ಯೋಚನೆಯಿಂದ ಪುಣೆಗೆ ಸುಮಾರು 40 ಮೈಲಿ ದೂರದ ಕೇಡಗಾಂವದಲ್ಲಿ ನೂರು ಎಕರೆ ಜಮೀನು ಕೊಂಡು, ಹಣ್ಣಿನ ತೋಟ ಮಾಡಿ, ಅದರ ಆದಾಯದಿಂದ ಸದನ ನಡೆಸುವುದೆಂದು ಲೆಕ್ಕ ಹಾಕಿದ್ದಳು.

ಲೆಕ್ಕ ನಿಲ್ಲಲಿಲ್ಲ. 1896ರಲ್ಲಿ ಮಧ್ಯಪ್ರಾಂತಕ್ಕೆ ಕ್ಷಾಮ ಬಂದಿತು. ಆಕೆಯ ಬಳಿ ಹಣವಿರಲಿಲ್ಲ, ಸ್ಥಳವಿರಲಿಲ್ಲ, ಹೋಗೆಂದು ಹೇಳಿದವರೂ ಇರಲಿಲ್ಲ. ಆದರೂ ಹೋದಳು. ಅಲ್ಲಿ ಕಂಡ ಎಲುಬುಗೂಡುಗಳಲ್ಲಿ ಇಪ್ಪತ್ತೆರಡು ವರ್ಷಗಳ ಹಿಂದಿನ ತನ್ನನ್ನೇ ಕಂಡಳು. ಸುಮಾರು 300 ಹುಡುಗಿಯರು ಬಂದರು. ಪುಣೆಯಲ್ಲಿ ಪ್ಲೇಗಿನ ಕಟ್ಟಳೆಗಳಿದ್ದುದರಿಂದ ಅವರನ್ನೆಲ್ಲ ಕೇಡಗಾಂವದ ಹೊಲಕ್ಕೆ ಸಾಗಿಸಿದಳು. 'ಮುಕ್ತಿ' ಹುಟ್ಟಿದ್ದು ಹೀಗೆ. 1900ರ ಗುಜರಾತಿನ ಕ್ಷಾಮದ ತರುವಾಯ ಅಲ್ಲಿ ಉಣ್ಣುವವರ ಸಂಖ್ಯೆ ಸುಮಾರು 2000ಕ್ಕೆ ಮುಟ್ಟಿತು. ನಿಗದಿಯಾದ ಆದಾಯವಿಲ್ಲದೆ ಅಷ್ಟು ಜನಕ್ಕೆ ದಿನವೂ ಅನ್ನ ಬೇಯಿಸುವುದೆಂದರೆ ಏನೆಂದು ನಮ್ಮ ಹಾಸ್ಟೆಲಿನ ಅಡಿಗೆಯವರನ್ನು ಕೇಳಬೇಕು! ಆಕೆ ಪ್ರಾರ್ಥಿಸಿದಳು, ಬಾವಿಯನ್ನೂ ತೋಡಿಸಿದಳು. ನೇಯ್ಗೆ, ಎಣ್ಣೆಗಾಣ, ಹೈನು, ಅಚ್ಚುಕೂಟ, ಕುರುಡರಿಗೆ ಬ್ರೈಲ್ ಪಾಠ ಎಲ್ಲವೂ ಅಲ್ಲಿದ್ದವು. ದೇವರನ್ನು ನಂಬುವುದೆಂದರೆ ಕೈಕಟ್ಟಿ ಕುಳಿತುಕೊಳ್ಳುವುದೆಂದು ಆಕೆ ಎಂದೂ ತಿಳಿದಂತಿಲ್ಲ.

ಕೊನೆಯ ಹದಿನೈದು ವರ್ಷಗಳಿಗೂ ಮೀರಿ ಒಂದೇ ಕೆಲಸ ಆಕೆಯನ್ನು ಹಿಡಿದಿತ್ತು. ಆಗ ಇದ್ದ ಮರಾಠಿ ಬೈಬಲ್ಲು ಹಳ್ಳಿಯ ಹೆಂಗಸರಿಗೆ ತಿಳಿಯುವಂತಿರಲಿಲ್ಲ. ಮುಪ್ಪಿನತ್ತ ಸಾಗುವ ವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಕಲಿತು, ಮೂಲದಿಂದ ಇಡೀ ಗ್ರಂಥವನ್ನು ಸರಳ ಮರಾಠಿಗೆ ತರತೊಡಗಿದಳು. ಸಂಸ್ಕೃತದಲ್ಲಿ ಬಿರುದು ಪಡೆದ ಪಂಡಿತೆ ಸಂಸ್ಕೃತ ಪದಗಳನ್ನು ಒಂದೊಂದಾಗಿ ಬಿಟ್ಟು ಗಾಣ ತಿರುಗಿಸುವವಳ ಮಾತನ್ನು ಹುಡುಕುತ್ತ ಕುಳಿತ ಚಿತ್ರ ನನ್ನ ಮನಸ್ಸಿನಿಂದ ಮರೆಯಾಗುವುದಿಲ್ಲ. ಅಚ್ಚುಮೊಳೆ ಜೋಡಿಸಿದವರು ಮುಕ್ತಿಯ ಹುಡುಗಿಯರೇ.

1912ರಲ್ಲಿ ಗುಲ್ಬರ್ಗದಲ್ಲಿ ಶಾಲೆ ತೆರೆದು ದುಡಿಯುತ್ತಿದ್ದ ಮಗಳು ಮನೋರಮೆ 1921ರ ಜುಲೈಯಲ್ಲಿ ನಲವತ್ತರ ಹರೆಯದಲ್ಲಿ ತಾಯಿಗಿಂತ ಮೊದಲೇ ಹೊರಟುಹೋದಳು. ಮುಕ್ತಿಯ ಭಾರವೆಲ್ಲ ಆಕೆಗೇ ಸೇರಬೇಕಾಗಿತ್ತು. ಕಿವಿ ಮಂದವಾಗಿ, ದೇಹ ಸೋತಿದ್ದ ತಾಯಿ ಮತ್ತೆ ಅಚ್ಚಿನ ಕರಡುಗಳ ಮುಂದೆ ಕುಳಿತಳು. ಕೆಲಸ ಮುಗಿಯುವುದಕ್ಕೂ 1922ರ ಏಪ್ರಿಲ್ 5ಕ್ಕೂ ಹೆಚ್ಚು ದಿನಗಳ ಅಂತರವಿರಲಿಲ್ಲ. ಅಂದು ಬೆಳಿಗ್ಗೆ ನಿದ್ದೆಯಲ್ಲಿಯೇ ಪ್ರಾಣ ಹೋಗಿತ್ತು. ಇಡೀ ಗ್ರಂಥ ಅಚ್ಚಾಗಿ ಹೊರಬಂದದ್ದು 1924ರಲ್ಲಿ.